ಹೊಸ ಬೇರಿಂಗ್ ಹಾಕಿದ ಮೇಲೂ ಹಿಂದಿನ ಸ್ಪ್ರಾಕೆಟ್ ಅಲುಗಾಡುವುದೇಕೆ?

ಪ್ರಶ್ನೆ: ನನ್ನ ಬೈಕು 26,000 ಕಿ.ಮೀ. ಓಡಿದೆ. ಚೈನ್ ಸ್ಪ್ರಾಕೆಟ್ ಸೆಟ್ ಬದಲಿಸುವಾಗ ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಪಕ್ಕಕ್ಕೆ ಅಲುಗಾಡುತ್ತಿರುವುದು ಗೊತ್ತಾಯಿತು. ಬೇರಿಂಗ್ ಹೋಗಿದೆ ಎಂದು ಮೆಕ್ಯಾನಿಕ್ ಹೊಸದನ್ನು ಹಾಕಿದರು. ಹಬ್‌ನ (ಚಕ್ರದ ನಡುಭಾಗದ) ರಬ್ಬರುಗಳು ಸಡಿಲವಾಗಿವೆ ಎಂದು ಹಳೆಯ ಟ್ಯೂಬಿನ ತುಂಡುಗಳನ್ನು ನಡುವೆ ಸೇರಿಸಿದರು. ಇಷ್ಟಾದರೂ ಚಕ್ರ ಜೋಡಿಸಿ ಆಕ್ಸಲ್ ಬಿಗಿ ಮಾಡಿದ ಮೇಲೆ ಹಲ್ಲುಗಳ ಬಳಿ ಸುಮಾರು 2 ಮಿ.ಮೀ. ಪಕ್ಕದ ಪ್ಲೇ ಉಳಿದಿದೆ. ಬ್ರೇಕ್ ಹಿಡಿದು ಸ್ಪ್ರಾಕೆಟ್ ತಿರುಗಿಸಿದರೆ ಹಿಂದೆ ಮುಂದೆಯೂ ಸ್ವಲ್ಪ ಆಡುತ್ತದೆ, ಆಕ್ಸಿಲರೇಟರ್ ಬಿಟ್ಟು ಕೊಟ್ಟಾಗ ‘ಟಕ್’ ಎನ್ನುತ್ತದೆ. ಇನ್ನೊಬ್ಬ ಮೆಕ್ಯಾನಿಕ್ ‘ಎಲ್ಲ ಬೈಕಿನಲ್ಲೂ ಇಷ್ಟು ಇರುತ್ತದೆ’ ಎನ್ನುತ್ತಾರೆ. ಮುಂದಿನ ತಿಂಗಳು ದೂರದ ಪ್ರಯಾಣವಿದೆ. ಹೀಗೇ ಓಡಿಸಬಹುದೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವುದು ಒಂದು ಅಲುಗಾಟವಲ್ಲ, ಎರಡು. ಪಕ್ಕಕ್ಕೆ ಆಗುತ್ತಿರುವ ಅಲುಗಾಟ ಒಂದು, ಚಕ್ರ ತಿರುಗುವ ದಿಕ್ಕಿನಲ್ಲಿ ಹಿಂದೆ ಮುಂದೆ ಆಗುತ್ತಿರುವುದು ಇನ್ನೊಂದು. ಇವೆರಡರ ಕಾರಣಗಳೂ ಬೇರೆ, ಅಪಾಯದ ಮಟ್ಟವೂ ಬೇರೆ. ಎರಡಕ್ಕೂ ‘ಪ್ಲೇ’ ಎಂಬ ಒಂದೇ ಹೆಸರು ಇರುವುದರಿಂದ ಒಂದಕ್ಕೆ ಮಾಡಬೇಕಾದ ಚಿಕಿತ್ಸೆಯನ್ನು ಇನ್ನೊಂದಕ್ಕೆ ಮಾಡಿ, ಹಣ ಖರ್ಚಾದರೂ ದೋಷ ಉಳಿಯುವುದನ್ನು ನಾನು ಪದೇ ಪದೇ ನೋಡಿದ್ದೇನೆ. ಆದ್ದರಿಂದ ಎಷ್ಟು ಪ್ಲೇ ಇದೆ ಎಂದು ಕೇಳುವ ಮೊದಲು, ಅದು ಯಾವ ದಿಕ್ಕಿನಲ್ಲಿದೆ ಮತ್ತು ಯಾವ ಎರಡು ಭಾಗಗಳ ನಡುವೆ ಇದೆ ಎಂದು ಕೇಳಿಕೊಳ್ಳಬೇಕು.

ನಿಮ್ಮ ಬೈಕಿನ ಸ್ಪ್ರಾಕೆಟ್‌ಗೆ ತನ್ನದೇ ಆದ ಬೇರಿಂಗ್ ಇದೆ ಎಂದರೆ ಅದು ಚಕ್ರಕ್ಕೆ ನೇರವಾಗಿ ಜೋಡಿಸಿದ್ದಲ್ಲ. ಸ್ಪ್ರಾಕೆಟ್ ಒಂದು ಹೋಲ್ಡರ್‌ಗೆ ನಟ್ಟುಗಳಿಂದ ಬಿಗಿಯಾಗಿರುತ್ತದೆ (ಕೆಲವರು ಇದನ್ನು ಸ್ಪ್ರಾಕೆಟ್ ಡ್ರಮ್ ಎನ್ನುತ್ತಾರೆ). ಆ ಹೋಲ್ಡರ್‌ನ ಒಳಮುಖದಲ್ಲಿರುವ ರೆಕ್ಕೆಗಳು ಚಕ್ರದ ಹಬ್‌ನಲ್ಲಿರುವ ರಬ್ಬರ್ ತುಂಡುಗಳ ನಡುವೆ ಕೂರುತ್ತವೆ. ಚೈನ್ ಸ್ಪ್ರಾಕೆಟ್ಟನ್ನು ಎಳೆಯುತ್ತದೆ, ಹೋಲ್ಡರ್ ರಬ್ಬರನ್ನು ಒತ್ತುತ್ತದೆ, ರಬ್ಬರು ಚಕ್ರವನ್ನು ತಿರುಗಿಸುತ್ತದೆ. ಎಂಜಿನ್ನಿನ ಒಂದೊಂದು ಹೊಡೆತವೂ ಗೇರ್ ಬದಲಾವಣೆಯ ಜರ್ಕೂ ನೇರವಾಗಿ ಚಕ್ರಕ್ಕೂ ಗೇರ್‌ಬಾಕ್ಸ್‌ಗೂ ತಟ್ಟದಿರಲಿ ಎಂದೇ ಈ ಏರ್ಪಾಡು. ಹಾಗಾಗಿ ತಿರುಗುವ ದಿಕ್ಕಿನಲ್ಲಿ ಸ್ವಲ್ಪ ಮಣಿಯುವುದು ದೋಷವಲ್ಲ, ಆ ಭಾಗ ಇರುವುದೇ ಅದಕ್ಕಾಗಿ.

ಆದರೆ ಮಣಿಯುವುದಕ್ಕೂ ಸಡಿಲವಾಗಿ ಆಡುವುದಕ್ಕೂ ವ್ಯತ್ಯಾಸವಿದೆ, ಅದನ್ನು ಕೈಯೇ ಹೇಳುತ್ತದೆ. ಎಂಜಿನ್ ಆಫ್ ಮಾಡಿ, ಕೀಲಿ ತೆಗೆದು, ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಇನ್ನೊಬ್ಬರಿಂದ ಹಿಂದಿನ ಬ್ರೇಕ್ ಒತ್ತಿಸಿ ಸ್ಪ್ರಾಕೆಟ್ಟನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿ. ಎಂಜಿನ್ ಚಾಲೂ ಇರುವಾಗ ಚೈನಿನ ಹತ್ತಿರ ಬೆರಳು ತರುವುದು ಯಾವ ಪರೀಕ್ಷೆಗೂ ಬೇಡ, ಅದರಿಂದ ಬೆರಳು ಕಳೆದುಕೊಂಡವರಿದ್ದಾರೆ. ಮೊದಲ ಕ್ಷಣದಿಂದಲೇ ಕೈಗೆ ರಬ್ಬರಿನ ಪ್ರತಿರೋಧ ಸಿಕ್ಕಿ, ಬಲ ಹಾಕಿದಷ್ಟೂ ಅದು ಹೆಚ್ಚುತ್ತ ಹೋದರೆ ರಬ್ಬರು ಚೆನ್ನಾಗಿದೆ. ಮೊದಲು ಕೆಲವು ಮಿಲಿಮೀಟರ್ ಯಾವ ತಡೆಯೂ ಇಲ್ಲದೆ ಜಾರಿ, ಆಮೇಲೆ ‘ಟಕ್’ ಎಂದು ತಾಗಿ ನಿಂತರೆ ರಬ್ಬರು ಸವೆದಿದೆ ಅಥವಾ ಗಟ್ಟಿಯಾಗಿ ಕುಗ್ಗಿದೆ. ನಿಮಗೆ ಕೇಳಿಸುತ್ತಿರುವ ಸದ್ದಿನ ಮೂಲ ಬಹುಮಟ್ಟಿಗೆ ಇದೇ. ಚೈನ್ ಅತಿ ಸಡಿಲವಾಗಿದ್ದರೂ ಇದೇ ಸದ್ದು ಬರುವುದರಿಂದ ಚೈನಿನ ಸಡಿಲವನ್ನು ಮೊದಲು ಕೈಪಿಡಿಯ ಅಳತೆಗೆ ತಂದುಕೊಂಡೇ ಈ ಪರೀಕ್ಷೆ ಮಾಡಬೇಕು.

ಟ್ಯೂಬಿನ ತುಂಡು ಸೇರಿಸುವುದು ಹಳೆಯ ಉಪಾಯ. ರಬ್ಬರ್ ಸೆಟ್ ಕೈಗೆ ಸಿಗುವವರೆಗೆ ಕೆಲವು ದಿನ ಸಾಗಿಸಲು ಅದು ಒದಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಟ್ಯೂಬಿನ ತೆಳು ರಬ್ಬರು ಬೇಗ ಜಜ್ಜಿ ಹರಿಯುತ್ತದೆ, ದಪ್ಪ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಒಂದು ಕಡೆ ಎರಡು ಪದರ, ಇನ್ನೊಂದು ಕಡೆ ಒಂದೇ ಪದರ ಬಿದ್ದರೆ ಹೋಲ್ಡರ್ ಹಬ್‌ನಲ್ಲಿ ನೆಟ್ಟಗೆ ಕೂರದೆ ಸ್ವಲ್ಪ ವಾಲುತ್ತದೆ, ಆ ವಾಲಿಕೆಯ ಭಾರವೆಲ್ಲ ಹೊಸ ಬೇರಿಂಗ್ ಮೇಲೆ ಬೀಳುತ್ತದೆ. ಪಕ್ಕದ ಪ್ಲೇಯನ್ನು ಹುಡುಕುವ ಮೊದಲು ಆ ತುಂಡುಗಳನ್ನು ತೆಗೆದು ಸರಿಯಾದ ರಬ್ಬರ್ ಸೆಟ್ ಹಾಕಿಸಿ. ಅದೇ ಹೊತ್ತಿನಲ್ಲಿ ಹಬ್‌ನ ಅಡ್ಡಗೋಡೆಗಳಲ್ಲೂ ಹೋಲ್ಡರ್‌ನ ರೆಕ್ಕೆಗಳ ಬುಡದಲ್ಲೂ ಬಿರುಕು ಇದೆಯೇ ಎಂದು ಬೆಳಕು ಹಿಡಿದು ನೋಡಲು ಹೇಳಿ. ಸಡಿಲ ರಬ್ಬರಿನೊಡನೆ ಬಹುಕಾಲ ಓಡಿದ ಹಬ್‌ನಲ್ಲಿ ಈ ಬಿರುಕು ಅಪರೂಪವಲ್ಲ.

ಇನ್ನು ಪಕ್ಕದ ಅಲುಗಾಟ. ನಿಮಗೆ ಸಿಕ್ಕಿರುವ ಎರಡು ಅಭಿಪ್ರಾಯಗಳಲ್ಲಿ ಒಂದೊಂದರಲ್ಲೂ ಅರ್ಧ ಸತ್ಯವಿದೆ. ಸ್ವಲ್ಪ ಪ್ಲೇ ಎಲ್ಲ ಬೈಕಿನಲ್ಲೂ ಇರುತ್ತದೆ ಎಂಬುದು ನಿಜ. ಹೋಲ್ಡರ್‌ಗೆ ಸಾಮಾನ್ಯವಾಗಿ ಇರುವುದು ಒಂದೇ ಸಾಲಿನ ಬಾಲ್ ಬೇರಿಂಗ್, ಈ ಬಗೆಯ ಬೇರಿಂಗ್ ಹೊಸದಾಗಿದ್ದರೂ ಕೋನದ ಲೆಕ್ಕದಲ್ಲಿ ಕೆಲವು ನಿಮಿಷಗಳಷ್ಟು ವಾಲಲು ಅವಕಾಶ ಕೊಡುತ್ತದೆ. ಅದನ್ನು ಹಲ್ಲಿನ ತುದಿಯಲ್ಲಿ ನೋಡಿದಾಗ ದೊಡ್ಡದಾಗಿ ಕಾಣುತ್ತದೆ. ಒಂದು ಲೆಕ್ಕ ಹಾಕೋಣ. ಸಣ್ಣ ಬೈಕುಗಳ 428 ಚೈನಿನ ಪಿಚ್ (ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ) 12.7 ಮಿ.ಮೀ., 42 ಹಲ್ಲಿನ ಸ್ಪ್ರಾಕೆಟ್‌ನಲ್ಲಿ ಚೈನ್ ಕೂರುವ ವೃತ್ತದ ವ್ಯಾಸ ಸುಮಾರು 170 ಮಿ.ಮೀ., ಎಂದರೆ ನಡುವಿನಿಂದ ಹಲ್ಲಿಗೆ 85 ಮಿ.ಮೀ. ದೂರ. 6204 ಸಂಖ್ಯೆಯ ಬೇರಿಂಗ್‌ನ ಒಳವ್ಯಾಸ 20 ಮಿ.ಮೀ., ಹೊರವ್ಯಾಸ 47 ಮಿ.ಮೀ., ಆದ್ದರಿಂದ ಅದರ ಗುಂಡುಗಳು ನಡುವಿನಿಂದ ಸುಮಾರು 17 ಮಿ.ಮೀ. ದೂರದಲ್ಲಿ ಉರುಳುತ್ತವೆ. ಗುಂಡುಗಳ ಬಳಿ ಆಗುವ ಅಲುಗಾಟ ಹಲ್ಲಿನ ಬಳಿ ಐದು ಪಟ್ಟಾಗಿ ಕಾಣುತ್ತದೆ. ಬೇರಿಂಗ್ ಎರಡೂ ಕಡೆಗೆ 10 ನಿಮಿಷ, ಎಂದರೆ ಒಂದು ಡಿಗ್ರಿಯ ಆರನೇ ಒಂದು ಭಾಗ ವಾಲಿತು ಎಂದಿಟ್ಟುಕೊಂಡರೂ ಹಲ್ಲಿನ ಬಳಿ ಒಟ್ಟು ಅರ್ಧ ಮಿಲಿಮೀಟರ್ ಕಾಣಿಸಬೇಕು.

ಆದ್ದರಿಂದ ಅರ್ಧ ಮಿಲಿಮೀಟರ್ ಆಸುಪಾಸಿನ ಅಲುಗಾಟ ಕಂಡರೆ ಗಾಬರಿಯಾಗಬೇಕಿಲ್ಲ. ಚಕ್ರವನ್ನು ಕಳಚಿ ನೆಲದ ಮೇಲೆ ಇಟ್ಟಾಗ ಸ್ಪ್ರಾಕೆಟ್ ಎರಡು ಮೂರು ಮಿಲಿಮೀಟರ್ ಅಲುಗಾಡಿದರೂ ಅದರಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಆ ಸ್ಥಿತಿಯಲ್ಲಿ ಬೇರಿಂಗ್‌ನ ಒಳಬಳೆಯನ್ನು ಹಿಡಿದಿಡುವಂಥದ್ದು ಏನೂ ಇರುವುದಿಲ್ಲ, ಹೋಲ್ಡರ್ ಬರೀ ರಬ್ಬರುಗಳ ನಡುವೆ ಕೂತಿರುತ್ತದೆ. ಸ್ಪ್ರಾಕೆಟ್‌ನ ಪಕ್ಕದ ಪ್ಲೇಯನ್ನು ಅಳೆಯಬೇಕಾದದ್ದು ಆಕ್ಸಲ್ ಪೂರ್ತಿ ಬಿಗಿಯಾದ ಮೇಲೆ ಮಾತ್ರ. ನಿಮ್ಮ ಬೈಕಿನ ವಿಷಯದಲ್ಲಿ ನನಗೆ ಆತಂಕ ತಂದಿರುವುದೂ ಇದೇ: ಆಕ್ಸಲ್ ಬಿಗಿಯಾದ ಮೇಲೂ, ಬೇರಿಂಗ್ ಹೊಸದಾದರೂ 2 ಮಿ.ಮೀ. ಉಳಿದಿದೆ ಎನ್ನುತ್ತೀರಿ. ಅದು ಒಳ್ಳೆಯ ಬೇರಿಂಗ್ ತಾನಾಗಿ ಕೊಡಬಹುದಾದ ಅಳತೆಯಲ್ಲ.

ಹಾಗಾದರೆ ಎಲ್ಲಿಂದ ಬರುತ್ತಿದೆ? ಮೊದಲು ಅನುಮಾನಿಸಬೇಕಾದದ್ದು ಸ್ಪೇಸರ್ ಎಂಬ ಒಂದು ಸಣ್ಣ ಉಕ್ಕಿನ ಕೊಳವೆಯನ್ನು. ಸ್ವಿಂಗ್ ಆರ್ಮ್‌ನ (ಹಿಂದಿನ ಚಕ್ರವನ್ನು ಹಿಡಿದಿರುವ ಕವಲಿನ) ಒಂದು ತೋಳಿನಿಂದ ಇನ್ನೊಂದು ತೋಳಿನವರೆಗೆ ಆಕ್ಸಲ್‌ನ ಮೇಲೆ ಭಾಗಗಳು ಸಾಲಾಗಿ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ: ಹೊರಗಿನ ಕಾಲರ್, ಸ್ಪ್ರಾಕೆಟ್ ಬೇರಿಂಗ್‌ನ ಒಳಬಳೆ, ಹೋಲ್ಡರ್‌ನ ಒಳಗಿರುವ ಸ್ಪೇಸರ್, ಚಕ್ರದ ಬೇರಿಂಗ್‌ನ ಒಳಬಳೆ, ಹಬ್‌ನ ನಡುವಿನ ಉದ್ದನೆಯ ಕೊಳವೆ, ಆಚೆಯ ಬೇರಿಂಗ್‌ನ ಒಳಬಳೆ, ಆಮೇಲೆ ಬ್ರೇಕ್ ಕಡೆಯ ಭಾಗಗಳು. ಆಕ್ಸಲ್ ನಟ್ಟನ್ನು ಬಿಗಿ ಮಾಡಿದಾಗ ಈ ಸಾಲು ಒಂದೇ ಗಟ್ಟಿ ಕಂಬದಂತಾಗಿ, ಒಳಬಳೆಗಳು ಒಂದಿಷ್ಟೂ ವಾಲದೆ ನಿಲ್ಲಬೇಕು, ಹೊರಬಳೆಗಳು ಮಾತ್ರ ತಿರುಗಬೇಕು. ಆಕ್ಸಲ್‌ಗೂ ಒಳಬಳೆಗೂ ನಡುವೆ ಜಾರಿ ಹೋಗುವಷ್ಟು ಜಾಗ ಇದ್ದೇ ಇರುತ್ತದೆ, ಒಳಬಳೆಯನ್ನು ನೆಟ್ಟಗೆ ಹಿಡಿಯುವುದು ಆಕ್ಸಲ್‌ನ ಮೈಯಲ್ಲ, ಎರಡು ಪಕ್ಕಗಳಿಂದ ಬೀಳುವ ಈ ಒತ್ತಡ. ಹೋಲ್ಡರ್ ಒಳಗಿನ ಸ್ಪೇಸರ್ ಇಲ್ಲದಿದ್ದರೆ, ಅಥವಾ ಅದು ಸವೆದು ಗಿಡ್ಡವಾಗಿದ್ದರೆ, ಅಥವಾ ಸುತ್ತಿಗೆಯ ಪೆಟ್ಟಿಗೆ ಅದರ ತುದಿ ಮಡಚಿ ಓರೆಯಾಗಿದ್ದರೆ, ಬೇರಿಂಗ್ ಎಷ್ಟೇ ಹೊಸದಾಗಿರಲಿ, ಅದರ ಒಳಬಳೆ ಆಕ್ಸಲ್ ಮೇಲೆ ವಾಲುತ್ತಲೇ ಇರುತ್ತದೆ.

ಇದು ಅಪರೂಪದ ಕಲ್ಪನೆಯಲ್ಲ. ಅನೇಕ ಹೋಲ್ಡರ್‌ಗಳಲ್ಲಿ ಆ ಸ್ಪೇಸರ್ ಹಳೆಯ ಬೇರಿಂಗ್‌ನ ಒಳಬಳೆಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಬೇರಿಂಗ್ ಹೊಡೆದು ತೆಗೆಯುವಾಗ ಅದರ ಜೊತೆಗೇ ಹೊರಬರುತ್ತದೆ, ತುಕ್ಕು ಮತ್ತು ಕಪ್ಪು ಗ್ರೀಸಿನಲ್ಲಿ ಎರಡೂ ಒಂದೇ ಭಾಗದಂತೆ ಕಾಣುತ್ತವೆ, ಹಾಗೇ ಎರಡೂ ಗುಜರಿಗೆ ಹೋಗುತ್ತವೆ. ನನ್ನ ಬಳಿಗೆ ಬಂದ ಒಂದು ಬೈಕಿಗೆ ಅದಕ್ಕೂ ಮೊದಲು ಒಂದರ ಹಿಂದೆ ಒಂದರಂತೆ ಮೂರು ಬೇರಿಂಗ್ ಹಾಕಿಸಲಾಗಿತ್ತು, ಮೂರೂ ಕೆಲವೇ ತಿಂಗಳಲ್ಲಿ ಕೆಟ್ಟಿದ್ದವು. ಹೋಲ್ಡರ್ ಬಿಚ್ಚಿ ನೋಡಿದರೆ ಸ್ಪೇಸರ್ ಇರಲೇ ಇಲ್ಲ. ಮೊದಲ ಬೇರಿಂಗ್ ಬದಲಿಸಿದ ದಿನವೇ ಅದು ಹೋಗಿತ್ತು. ಆ ಸವಾರರು ಅಷ್ಟು ದಿನ ತಮ್ಮ ಓಡಿಸುವ ರೀತಿಯಲ್ಲೇ ತಪ್ಪಿದೆ ಎಂದು ನಂಬಿಕೊಂಡಿದ್ದರು, ಅದು ನನಗೆ ಬಹಳ ಬೇಸರ ತಂದಿತು. ನಿಮ್ಮ ಪ್ಲೇ ಬೇರಿಂಗ್ ಬದಲಿಸುವ ಮೊದಲು ಎಷ್ಟಿತ್ತು, ಆಮೇಲೆ ಹೆಚ್ಚಾಯಿತೇ ಎಂದು ನೆನಪಿಸಿಕೊಳ್ಳಿ. ಹೆಚ್ಚಾಗಿದ್ದರೆ ಸ್ಪೇಸರ್ ಮೇಲಿನ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಒಂದು ಸರಳ ವಿಧಾನವಿದೆ. ಚಕ್ರವನ್ನು ಬೈಕಿನಿಂದ ಕಳಚಿ, ಹೋಲ್ಡರನ್ನೂ ಎಲ್ಲ ಕಾಲರ್‌ಗಳನ್ನೂ ಬ್ರೇಕ್ ಪ್ಲೇಟ್ ಇದ್ದರೆ ಅದನ್ನೂ ತಮ್ಮ ತಮ್ಮ ಜಾಗದಲ್ಲಿ ಇಟ್ಟು, ಆಕ್ಸಲ್ ತೂರಿಸಿ, ಸ್ವಿಂಗ್ ಆರ್ಮ್ ಇರಬೇಕಾದ ಜಾಗದಲ್ಲಿ ಅಷ್ಟೇ ದಪ್ಪದ ಪೈಪ್ ತುಂಡುಗಳನ್ನು ಹಾಕಿ ನಟ್ಟನ್ನು ಬಿಗಿ ಮಾಡಿ. ಈಗ ಚೈನಿನ ಎಳೆತವೂ ಸ್ವಿಂಗ್ ಆರ್ಮ್‌ನ ಪ್ರಭಾವವೂ ಇಲ್ಲ, ಕಾಣುವುದೆಲ್ಲ ಹಬ್ ಮತ್ತು ಹೋಲ್ಡರ್‌ನದೇ. ನಟ್ ಬಿಗಿಯಾದಂತೆ ಪ್ಲೇ ಬಹುಮಟ್ಟಿಗೆ ಮಾಯವಾಗಿ ಚಕ್ರವೂ ಸ್ಪ್ರಾಕೆಟ್ಟೂ ಸಲೀಸಾಗಿ ತಿರುಗುತ್ತಿದ್ದರೆ ಒಳಗಿನ ಸಾಲು ಸರಿಯಿದೆ, ದೋಷವನ್ನು ಹೊರಗೆ ಹುಡುಕಬೇಕು. ನಟ್ ಬಿಗಿ ಮಾಡಿದಷ್ಟೂ ತಿರುಗುವುದು ಗಡುಸಾದರೆ ಯಾವುದೋ ಒಂದು ಸ್ಪೇಸರ್ ಗಿಡ್ಡವಾಗಿದೆ ಅಥವಾ ಇಲ್ಲ, ಬೇರಿಂಗ್‌ಗಳು ಪಕ್ಕದಿಂದ ಹಿಸುಕಲ್ಪಡುತ್ತಿವೆ. ಬಿಗಿಯಾದ ಮೇಲೂ ಪ್ಲೇ ಹಾಗೇ ಉಳಿದರೆ ಸ್ಪೇಸರ್ ಜೊತೆಗೆ ಬೇರಿಂಗ್ ಕೂರುವ ಗುಳಿಯನ್ನೂ ಪರೀಕ್ಷಿಸಬೇಕು. ನಟ್ಟನ್ನು ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಬಿಗಿದರೆ ಪ್ಲೇ ಹೋಗುತ್ತದೆ ಎಂಬ ನಂಬಿಕೆ ಮಾತ್ರ ಬೇಡ, ಅದರಿಂದ ಆಕ್ಸಲ್‌ನ ತಿರುಪು ಹಾಳಾಗುತ್ತದೆಯೇ ಹೊರತು ಇಲ್ಲದ ಸ್ಪೇಸರ್ ಬಂದು ಕೂರುವುದಿಲ್ಲ.

ಗುಳಿಯ ವಿಷಯ ಹೇಳಿದೆನಲ್ಲ, ಅದು ಎರಡನೆಯ ಸಾಧ್ಯತೆ. ಹೋಲ್ಡರ್ ಅಲ್ಯೂಮಿನಿಯಂನದು. ಹಳೆಯ ಬೇರಿಂಗ್ ಜಾಮ್ ಆಗಿ ಅದರ ಹೊರಬಳೆಯೇ ಗುಳಿಯಲ್ಲಿ ತಿರುಗತೊಡಗಿದ್ದರೆ ಗುಳಿ ದೊಡ್ಡದಾಗುತ್ತದೆ. ಹೊಸ ಬೇರಿಂಗ್ ಒತ್ತಿ ಕೂರಿಸಬೇಕಾಗುವಷ್ಟು ಬಿಗಿ ಇರಬೇಕು, ಬೆರಳಿನಿಂದ ತಳ್ಳಿದರೆ ಕೂರುವಂತಿದ್ದರೆ ಆ ಗುಳಿ ಕೆಟ್ಟಿದೆ. ಗುಳಿಯ ಅಂಚಿಗೆ ಪಂಚ್ ಹೊಡೆದು ಚುಕ್ಕೆ ಎಬ್ಬಿಸಿ ಬಿಗಿ ಮಾಡುವ ಪದ್ಧತಿಯಿದೆ. ಬೇರಿಂಗ್ ಆಗ ಕೆಲವೇ ಚುಕ್ಕೆಗಳ ಮೇಲೆ ನಿಲ್ಲುತ್ತದೆ, ಮೃದುವಾದ ಅಲ್ಯೂಮಿನಿಯಂ ಮತ್ತೆ ಬೇಗ ತಗ್ಗುತ್ತದೆ, ಆದ್ದರಿಂದ ನಾನು ಅದನ್ನು ಒಪ್ಪುವುದಿಲ್ಲ. ಸವೆತ ಒಂದು ಮಿಲಿಮೀಟರಿನ ನೂರನೇ ಭಾಗಗಳಲ್ಲಿದ್ದರೆ ಬೇರಿಂಗ್ ಹಿಡಿಸಲೆಂದೇ ಬರುವ ಅಂಟು ದ್ರಾವಣ ಉಪಯೋಗಕ್ಕೆ ಬರುತ್ತದೆ, ಅದಕ್ಕಿಂತ ಹೆಚ್ಚಿದ್ದರೆ ಲೇತಿನಲ್ಲಿ ಗುಳಿ ಕೊರೆದು ಸ್ಲೀವ್ ಎಂಬ ಬಳೆ ಕೂರಿಸಬೇಕು, ಇಲ್ಲವೇ ಹೋಲ್ಡರ್ ಬದಲಿಸಬೇಕು. ಬಹಳಷ್ಟು ಸಲ ಹೋಲ್ಡರ್ ಬದಲಿಸುವುದೇ ಕಡಿಮೆ ತಲೆನೋವಿನ ದಾರಿ. ಬೇರಿಂಗ್ ತಳದವರೆಗೆ ಕೂರದೆ ಅರ್ಧಕ್ಕೆ ನಿಂತಿದ್ದರೂ ಸ್ಪೇಸರ್‌ನ ಲೆಕ್ಕ ತಪ್ಪುತ್ತದೆ. ಅದನ್ನು ಒಳಬಳೆಯ ಮೇಲೆ ಸುತ್ತಿಗೆ ಹೊಡೆದು ಕೂರಿಸಿದ್ದರೆ ಗುಂಡುಗಳ ದಾರಿಯಲ್ಲಿ ಆಗಲೇ ತಗ್ಗು ಬಿದ್ದು, ಹೊಸ ಬೇರಿಂಗ್ ಎಂಬುದು ಹೆಸರಿಗಷ್ಟೇ ಉಳಿದಿರುತ್ತದೆ. ಒಳಬಳೆಯನ್ನು ಬೆರಳಿನಿಂದ ನಿಧಾನ ತಿರುಗಿಸಿದಾಗ ಮರಳಿನಂತೆ ಕಿರುಗುಟ್ಟಿದರೆ ಅಥವಾ ಅಲ್ಲಲ್ಲಿ ತಡೆದರೆ ಅದನ್ನು ಉಳಿಸಿಕೊಳ್ಳಬೇಡಿ.

ಹೊರಗಿನ ಕಾರಣಗಳಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಸ್ಪ್ರಾಕೆಟ್ಟನ್ನು ಹೋಲ್ಡರ್‌ಗೆ ಹಿಡಿದಿರುವ ನಟ್ಟುಗಳನ್ನು. ಇದಕ್ಕೆ ಒಂದು ನಿಮಿಷ ಸಾಕು, ಅಪಾಯ ಮಾತ್ರ ಉಳಿದ ಎಲ್ಲಕ್ಕಿಂತ ದೊಡ್ಡದು. ಸೆಟ್ ಇತ್ತೀಚೆಗಷ್ಟೇ ಬದಲಾಗಿರುವುದರಿಂದ ನಿಮ್ಮ ಬೈಕಿನಲ್ಲಿ ಇದು ಇನ್ನೂ ಮುಖ್ಯ. ಸ್ಪ್ರಾಕೆಟ್ ಹೋಲ್ಡರ್‌ನಿಂದ ಬೇರೆಯಾಗಿ ಅಲುಗಾಡುತ್ತಿದೆಯೇ, ನಟ್ಟಿನ ಸುತ್ತ ತುಕ್ಕಿನ ಪುಡಿ ಅಥವಾ ಹೊಳೆಯುವ ಉಜ್ಜಿದ ಗುರುತು ಇದೆಯೇ, ಲಾಕ್ ಪ್ಲೇಟ್ ಇದ್ದರೆ ಅದರ ಕಿವಿಗಳನ್ನು ಮಡಚಿದ್ದಾರೆಯೇ ಎಂದು ನೋಡಿ. ಸಡಿಲ ನಟ್ಟುಗಳೊಡನೆ ಓಡಿದರೆ ತೂತುಗಳು ಉದ್ದವಾಗುತ್ತವೆ, ಸ್ಟಡ್‌ಗಳು ತುಂಡಾಗುತ್ತವೆ, ಕೊನೆಗೆ ಚೈನ್ ಕಳಚಿ ಹಿಂಚಕ್ರ ಲಾಕ್ ಆಗಬಹುದು.

ಚಕ್ರದ ಬೇರಿಂಗ್ ಕೆಟ್ಟಿದ್ದರೆ ಸ್ಪ್ರಾಕೆಟ್ ಜೊತೆಗೆ ಟೈರೂ ಅಲುಗಾಡುತ್ತದೆ. ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ತಿಳಿಯುತ್ತದೆ. ಟೈರಿನ ಜೊತೆ ಸ್ವಿಂಗ್ ಆರ್ಮೂ ಅಲುಗಿದರೆ ದೋಷ ಸ್ವಿಂಗ್ ಆರ್ಮ್ ಬುಷ್‌ನಲ್ಲಿದೆ. ಸ್ಪ್ರಾಕೆಟ್ಟಿನ ಹಲ್ಲು ಅಥವಾ ಚೈನ್ ಸವೆದದ್ದನ್ನೂ ಕೆಲವರು ಪ್ಲೇ ಎಂದೇ ಕರೆಯುತ್ತಾರೆ, ನಿಮ್ಮದು ಹೊಸ ಸೆಟ್ ಆದ್ದರಿಂದ ಅದನ್ನು ಬಿಡಬಹುದು. ಮುಂದೆಂದಾದರೂ ಬೇಕಾದರೆ: 428 ಚೈನಿನ 20 ಪಿಚ್‌ಗಳ ಉದ್ದ ಹೊಸದರಲ್ಲಿ 254 ಮಿ.ಮೀ., ಅದು 259 ಮುಟ್ಟಿತೆಂದರೆ ಶೇ. 2ರಷ್ಟು ಸವೆದಿದೆ, ಬದಲಿಸುವ ಕಾಲ ಬಂದಿದೆ. ಎಲ್ಲ ಬೈಕಿನಲ್ಲೂ ಹೋಲ್ಡರ್ ಬೇರಿಂಗ್ ಇರುವುದಿಲ್ಲ ಎಂಬುದನ್ನೂ ಬೇರೆ ಓದುಗರಿಗಾಗಿ ಹೇಳಬೇಕು. ಕೆಲವು ಸಣ್ಣ ಬೈಕುಗಳಲ್ಲಿ ಸ್ಪ್ರಾಕೆಟ್‌ನ ಪಿನ್ನುಗಳು ಹಬ್‌ನ ರಬ್ಬರ್ ಬುಷ್‌ಗಳಲ್ಲಿ ಕೂತು, ಒಂದು ದೊಡ್ಡ ಸರ್ಕ್ಲಿಪ್ (ಸ್ಪ್ರಿಂಗಿನಂಥ ಬಳೆ) ಅದನ್ನು ಹಿಡಿದಿರುತ್ತದೆ. ಅಲ್ಲಿ ಪಕ್ಕದ ಪ್ಲೇ ಹೆಚ್ಚಾದರೆ ನೋಡಬೇಕಾದದ್ದು ಸರ್ಕ್ಲಿಪ್, ಅದು ಕೂರುವ ತೋಡು ಮತ್ತು ಬುಷ್‌ಗಳನ್ನು.

ಮೊದಲ ಬೇರಿಂಗ್ ಏಕೆ ಹೋಯಿತು ಎಂಬುದನ್ನೂ ವಿಚಾರಿಸದೆ ಬಿಡಬಾರದು. ಹೋಲ್ಡರ್ ಬೇರಿಂಗ್ ಹೊರುವ ಭಾರ ಸಣ್ಣದಲ್ಲ. ಎಂಜಿನ್ 10 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತಿದ್ದು, ಮೊದಲ ಗೇರಿನಲ್ಲಿ ಒಟ್ಟು ಅನುಪಾತ 30 ಎಂದಿಟ್ಟುಕೊಂಡರೆ ಚಕ್ರಕ್ಕೆ 300 ನ್ಯೂಟನ್ ಮೀಟರ್ ತಲುಪುತ್ತದೆ. ಅದನ್ನು 85 ಮಿ.ಮೀ. ತ್ರಿಜ್ಯದಲ್ಲಿ ಎಳೆಯುವ ಚೈನಿನ ಮೇಲೆ 3,500 ನ್ಯೂಟನ್‌ಗಳಷ್ಟು, ಎಂದರೆ ಸುಮಾರು 360 ಕೆ.ಜಿ. ತೂಕದಷ್ಟು ಬಲ ಬೀಳುತ್ತದೆ. ಚೈನನ್ನು ಅತಿ ಬಿಗಿ ಮಾಡಿದರೆ ಇದರ ಮೇಲೆ ನಿರಂತರ ಎಳೆತವೂ ಸೇರುತ್ತದೆ. ಗೇರ್‌ಬಾಕ್ಸ್ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿನ್, ಹಿಂದಿನ ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಹೆಚ್ಚು ಬಿಗಿಯಾಗುತ್ತದೆ, ಸ್ಟ್ಯಾಂಡಿನ ಮೇಲೆ ಸರಿ ಕಂಡ ಬಿಗಿ ಇಬ್ಬರು ಕೂತಾಗ ಅತಿಯಾಗುವುದು ಇದರಿಂದಲೇ. ಎರಡನೆಯ ದೊಡ್ಡ ಕಾರಣ ನೀರು. ಪ್ರೆಷರ್ ವಾಷ್‌ನ ಧಾರೆಯನ್ನು ಹಬ್‌ನ ನಡುವಿಗೆ ಹಿಡಿದರೆ ನೀರು ಆಯಿಲ್ ಸೀಲ್ ದಾಟಿ ಒಳಗೆ ಹೋಗುತ್ತದೆ. ಬೇರಿಂಗ್ ಬದಲಿಸುವಾಗ ಹಳೆಯ ಸೀಲನ್ನೇ ಮತ್ತೆ ಹಾಕಿದ್ದರೆ ಅದನ್ನೂ ಬದಲಿಸಿ.

ಈಗ ನಿಮ್ಮ ಪ್ರಯಾಣದ ಮಾತು. ತಿರುಗುವ ದಿಕ್ಕಿನ ಪ್ಲೇ ಮಾತ್ರ ಇದ್ದಿದ್ದರೆ, ನಟ್ಟುಗಳು ಬಿಗಿಯಾಗಿದ್ದು ಹಬ್‌ನಲ್ಲಿ ಬಿರುಕಿಲ್ಲದಿದ್ದರೆ, ಸದ್ದು ಸಹಿಸಿಕೊಂಡು ಹೋಗಿ ಬನ್ನಿ, ಬಂದ ಮೇಲೆ ರಬ್ಬರ್ ಹಾಕಿಸಿ ಎನ್ನುತ್ತಿದ್ದೆ. ಪಕ್ಕದ 2 ಮಿ.ಮೀ. ಪ್ಲೇಯೊಡನೆ ದೂರ ಹೋಗಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಅದು ಇಂದೇ ಕೈಕೊಡುತ್ತದೆ ಎಂದಲ್ಲ, ಊರೊಳಗೆ ನಿಧಾನವಾಗಿ ವರ್ಕ್‌ಶಾಪ್‌ವರೆಗೆ ಓಡಿಸಬಹುದು. ಆದರೆ ವಾಲುವ ಸ್ಪ್ರಾಕೆಟ್ ಹೊಸ ಚೈನಿನ ಪಕ್ಕದ ಪಟ್ಟಿಗಳನ್ನೂ ಹಲ್ಲುಗಳನ್ನೂ ಸವೆಸುತ್ತದೆ, ಗಂಟೆಗಟ್ಟಲೆ ವೇಗದಲ್ಲಿ ಓಡುವಾಗ ಬೇರಿಂಗ್ ಬಿಸಿಯಾಗಿ ಪೂರ್ತಿ ಒಡೆದರೆ ಚೈನ್ ದಾರಿ ತಪ್ಪುತ್ತದೆ. ಕಳಚಿದ ಚೈನ್ ಮುಂದೆ ಗುಡ್ಡೆಯಾಗಿ ಎಂಜಿನ್ ಕೇಸನ್ನೇ ಒಡೆದದ್ದನ್ನು ನಾನು ರಿಪೇರಿ ಮಾಡಿದ್ದೇನೆ.

ನಿಮಗೆ ಒಂದು ತಿಂಗಳ ಸಮಯವಿದೆ, ಈ ಕೆಲಸಕ್ಕೆ ಅಷ್ಟು ಬೇಕಾಗುವುದೂ ಇಲ್ಲ. ವರ್ಕ್‌ಶಾಪಿಗೆ ಹೋಗುವ ಮೊದಲು ನಿಮ್ಮ ಮಾದರಿಯ ಬಿಡಿಭಾಗಗಳ ಚಿತ್ರಪಟ ನೋಡಿ, ಹಿಂದಿನ ಆಕ್ಸಲ್ ಮೇಲೆ ಎಷ್ಟು ಕಾಲರ್ ಮತ್ತು ಸ್ಪೇಸರ್‌ಗಳು ಇರಬೇಕು ಎಂದು ಎಣಿಸಿ ಬರೆದುಕೊಳ್ಳಿ. ಚಕ್ರ ಬಿಚ್ಚಿದಾಗ ನಿಮ್ಮೆದುರೇ ಅವುಗಳನ್ನು ಸಾಲಾಗಿ ಇಡಿಸಿ ಎಣಿಸಿ. ಸ್ಪೇಸರ್ ಕಾಣೆಯಾಗಿದ್ದರೆ ಪೈಪ್ ಕತ್ತರಿಸಿ ಮಾಡಿದ ಬದಲಿ ಭಾಗವನ್ನು ಒಪ್ಪಿಕೊಳ್ಳಬೇಡಿ. ಅದರ ಉದ್ದ ಸರಿಯಾಗಿರಬೇಕು, ಎರಡೂ ತುದಿಗಳು ಒಂದಕ್ಕೊಂದು ಸಮಾನಾಂತರವಾಗಿರಬೇಕು, ಇವೆರಡನ್ನೂ ಗರಗಸದಿಂದ ಸಾಧಿಸಲಾಗುವುದಿಲ್ಲ. ಸ್ಪೇಸರ್ ಇಲ್ಲದೆ ಓಡಿದ ಬೇರಿಂಗ್ ಹೊಸದೇ ಆಗಿದ್ದರೂ ಅದನ್ನು ಮತ್ತೆ ಬದಲಿಸುವುದು ನಷ್ಟವಲ್ಲ, ಜೊತೆಗೆ ಸೀಲ್ ಮತ್ತು ರಬ್ಬರ್ ಸೆಟ್ ಹಾಕಿಸಿ. ಆಕ್ಸಲ್ ಮತ್ತು ಸ್ಪ್ರಾಕೆಟ್ ನಟ್ಟುಗಳನ್ನು ಕೈಪಿಡಿಯ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿಸಿ, ಚೈನಿನ ಸಡಿಲವನ್ನು ನೀವು ಕೂತಿದ್ದಾಗಲೂ ಒಮ್ಮೆ ನೋಡಿಸಿ. ಆಮೇಲೆ 200ರಿಂದ 300 ಕಿ.ಮೀ. ಊರಿನ ಸುತ್ತಮುತ್ತ ಓಡಿಸಿ, ಸ್ಪ್ರಾಕೆಟ್ ನಟ್ಟುಗಳ ಬಿಗಿಯನ್ನೂ ಹಲ್ಲಿನ ಬಳಿಯ ಪ್ಲೇಯನ್ನೂ ಇನ್ನೊಮ್ಮೆ ಅಳೆಯಿರಿ. ಅಳತೆ ಮೊದಲ ದಿನದಷ್ಟೇ ಇದ್ದರೆ ಹೊರಡಿ.